ಕಡಲಾಚೆಯ ಚರಗ

ಜಮಖಂಡಿ ತಾಲೂಕಿನ ಹುನ್ನೂರನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಕಾಣದವರು ಕೃಷ್ಣಾ ಸೀಮೆಯ ಯಾವುದಾದರೊಂದು ದೊಡ್ಡ ಹಳ್ಳಿಯನ್ನು ಮನಸ್ಸಿಗೆ ತಂದುಕೊಂಡರೂ ಸಾಕು. ಮಾರ್ಗಶಿರ ಮಾಸದ ಕೊನೆಗೆ ಎಳ್ಳ ಅಮವಾಸ್ಯೆ ಬಂದಿತೆಂದರೆ ಆ ಸೀಮೆಯ ಒಕ್ಕಲು ಮನೆಗಳಿಗೆ ಬೀಗ ಬೀಳುತ್ತದೆ; ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಹಿಂದೆ ಎತ್ತಿನ ಬಂಡಿ ಹೂಡುತ್ತಿದ್ದರು, ಈಗ ಟ್ರ್ಯಾಕ್ಟರಿನಲ್ಲಿಯೋ ಕಾರಿನಲ್ಲಿಯೋ ಹೋಗುತ್ತಾರೆ. ಬುತ್ತಿ ಮಾತ್ರ ಅದೇ. ಸಜ್ಜಿಯ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಕಾಳಿನ ಪಲ್ಲೆ, ಶೇಂಗಾದ ಹೋಳಿಗೆ, ಎಳ್ಳಿನ ಹೋಳಿಗೆ, ಬದಿಗೆ ಒಂದಿಷ್ಟು ಕೆಂಪು ಖಾರ. ಆದರೆ ಬುತ್ತಿ ಬಿಚ್ಚಿದೊಡನೆ ಯಾರೂ ಉಣ್ಣುವುದಿಲ್ಲ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ತಂದ ಅಡಿಗೆಯಲ್ಲಿ ಎಲ್ಲದರ ಪಾಲು ತೆಗೆದು ಕಲಸುತ್ತಾರೆ. ಒಬ್ಬರು ಅದನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ನಡೆದರೆ, ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ನೆಲ ಉಂಡ ಮೇಲೆಯೇ ಮನುಷ್ಯರ ಊಟ.

ಅಮೆರಿಕದ ಒಂದು ಹಬ್ಬವನ್ನು ಕುರಿತು ಬರೆಯಹೊರಟವನು ಹುನ್ನೂರಿನ ಹೊಲದಿಂದ ಏಕೆ ಆರಂಭಿಸಿದನೆಂದು ನೀವು ಕೇಳಬಹುದು. ಕಾರಣವಿದೆ. ಇಂದು ನಮ್ಮ ಹಳ್ಳಿಪಟ್ಟಣಗಳ ಎಷ್ಟೋ ಮನೆಗಳ ಒಂದು ಕೊನೆ ಇಲ್ಲಿದೆ, ಇನ್ನೊಂದು ಕೊನೆ ಕಡಲಾಚೆ ಇದೆ. ಅಂಥ ಒಂದು ಮನೆಯನ್ನು ಹುನ್ನೂರಿನಲ್ಲಿಯೇ ಕಲ್ಪಿಸಿಕೊಳ್ಳಿ. ತಾಯಿ ಊರಲ್ಲಿ, ಮಗ ಸೊಸೆ ಮೊಮ್ಮಕ್ಕಳು ಅಮೆರಿಕದಲ್ಲಿ. ನವೆಂಬರ ತಿಂಗಳ ಕೊನೆಯ ಒಂದು ದಿನ ಮಗ ಫೋನು ಮಾಡುತ್ತಾನೆ. ಅದರ ಪರದೆಯ ಮೇಲೆ ದೊಡ್ಡದೊಂದು ಮೇಜು, ಸುತ್ತಲೂ ಹತ್ತು ಹದಿನೈದು ಜನ, ತಟ್ಟೆಗಳಲ್ಲಿ ನಾನಾ ಬಗೆಯ ಅಡಿಗೆ.

‘ಏನ್ ನಡದೈತೋ ನಿಮ್ಮ ಮನ್ಯಾಗ?’ ಎನ್ನುತ್ತಾಳೆ ತಾಯಿ.

‘ಇವತ್ತ ಇಲ್ಲಿ ಹಬ್ಬ ಐತೆವ್ವಾ. ನಾಕು ಮನಿ ಮಂದಿ ಕೂಡೇವಿ.’

‘ಯಾ ಹಬ್ಬೋ? ಪಂಚಾಂಗದಾಗ ಏನೂ ಇಲ್ಲಲ್ಲ.’

‘ಈ ನಾಡಿನವರ ಹಬ್ಬವ್ವಾ. ಎಲ್ಲಾರಿಗೂ ಸೂಟಿ ಇರತೈತಿ.’

‘ನಮ್ಮ ಹಬ್ಬಕ್ಕ ಸೂಟಿ ಇಲ್ಲ ಅಂತೀರಿ. ಮಂದಿ ಹಬ್ಬಕ್ಕ ಹೋಳಿಗಿ ಮಾಡತೀರಿ, ಏನಪಾ?’

ಈ ತಾಯಿಯ ಮಾತಿನಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚು. ಮೊಮ್ಮಕ್ಕಳು ತನ್ನ ಹೊಲವನ್ನೂ ಚರಗವನ್ನೂ ಮರೆತಾರೆಂಬ ಅಂಜಿಕೆ ಅದು. ಅದನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಹಾಗೆಯೇ ಆ ಮೇಜಿನ ಸುತ್ತ ಕುಳಿತವರನ್ನು ನಡೆ ಬಿಟ್ಟವರೆಂದು ಹಳಿಯುವುದೂ ಸರಿಯಲ್ಲ. ಇಬ್ಬರಿಗೂ ನ್ಯಾಯ ಮಾಡಬೇಕಾದರೆ ಆ ಹಬ್ಬ ಯಾವುದು, ಅದು ಎಲ್ಲಿಂದ ಬಂದಿತು, ಅದರ ಮೇಜಿನ ಮೇಲಿನ ಪದಾರ್ಥಗಳು ಯಾರವು ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ಹಬ್ಬದ ಹೆಸರು ಥ್ಯಾಂಕ್ಸ್‌ಗಿವಿಂಗ್. ನಮ್ಮ ಮಾತಿನಲ್ಲಿ ಕೃತಜ್ಞತೆ ಸಲ್ಲಿಸುವ ದಿನ. ನವೆಂಬರ ತಿಂಗಳ ನಾಲ್ಕನೆಯ ಗುರುವಾರ ಅದು ಬರುತ್ತದೆ. ಇದರ ಮೂಲವೆಂದು ಅಮೆರಿಕದವರು ಹೇಳಿಕೊಳ್ಳುವ ಸಂಗತಿ ೧೬೨೧ರ ಸುಗ್ಗಿಯದು. ಹಿಂದಿನ ವರ್ಷ ಮೇಫ್ಲವರ್ ಎಂಬ ಹಡಗಿನಲ್ಲಿ ೧೦೨ ಮಂದಿ ಇಂಗ್ಲೆಂಡಿನಿಂದ ಹೊರಟು ಪ್ಲಿಮತ್ ಎಂದು ಹೆಸರಾದ ಸ್ಥಳದಲ್ಲಿ ಇಳಿದರು. ಮೊದಲ ಚಳಿಗಾಲದಲ್ಲಿಯೇ ಹಸಿವು, ರೋಗಗಳಿಂದ ಅವರಲ್ಲಿ ಅರ್ಧದಷ್ಟು ಜನ ತೀರಿಹೋದರು. ಉಳಿದವರಿಗೆ ಆ ನೆಲದಲ್ಲಿ ಬೆಳೆ ತೆಗೆಯುವುದು ತಿಳಿಯದು. ಕಲಿಸಿಕೊಟ್ಟವನು ಟಿಸ್ಕ್ವಾಂಟಮ್ ಎಂಬ ಅಲ್ಲಿನ ಮೂಲನಿವಾಸಿ.

ಈತನ ಕಥೆ ಕೇಳತಕ್ಕದ್ದು. ೧೬೧೪ರಲ್ಲಿ ಆಂಗ್ಲ ಕಪ್ತಾನನೊಬ್ಬ ಅವನನ್ನು ಹಿಡಿದು ಹಡಗಿನಲ್ಲಿ ಸಾಗಿಸಿ ಸ್ಪೇನಿನಲ್ಲಿ ಮಾರಲು ಒಯ್ದನು. ಅಲ್ಲಿಂದ ಹೇಗೋ ಇಂಗ್ಲೆಂಡು ಸೇರಿ, ಭಾಷೆ ಕಲಿತು, ೧೬೧೯ರಲ್ಲಿ ತನ್ನ ಊರಿಗೆ ಮರಳಿದಾಗ ಊರೇ ಇರಲಿಲ್ಲ. ಹೊರಗಿನಿಂದ ಬಂದ ಸಾಂಕ್ರಾಮಿಕ ರೋಗ ಅವನ ಜನವನ್ನೆಲ್ಲ ಅಳಿಸಿಹಾಕಿತ್ತು. ಆ ಹಾಳೂರಿನ ನೆಲದ ಮೇಲೆಯೇ ಇಂಗ್ಲೆಂಡಿನಿಂದ ಬಂದವರು ಮನೆ ಕಟ್ಟಿಕೊಂಡರು. ತನ್ನ ಊರಿಗೆ ತಾನೇ ಪರದೇಶಿಯಾದ ಆ ಮನುಷ್ಯ, ಬಂದವರಿಗೆ ಗೋವಿನಜೋಳದ ಬೀಜದ ಜೊತೆ ಮೀನನ್ನು ಗೊಬ್ಬರವಾಗಿ ಹೂಳಬೇಕೆಂದು ತೋರಿಸಿದನು. ಬೆಳೆ ಬಂದಿತು. ಸುಗ್ಗಿಯಾದ ಮೇಲೆ ಉಳಿದಿದ್ದ ಐವತ್ತರಷ್ಟು ಆಂಗ್ಲರೂ, ವಾಂಪನೋಗ್ ಜನರ ಮುಖ್ಯಸ್ಥ ಮಾಸಸಾಯಿಟನ ಜೊತೆ ಬಂದ ತೊಂಬತ್ತರಷ್ಟು ಜನರೂ ಮೂರು ದಿನ ಕೂಡಿ ಉಂಡರು. ಅತಿಥಿಗಳೇ ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟರೆಂದು ಆ ಊಟದಲ್ಲಿದ್ದ ಎಡ್ವರ್ಡ್ ವಿನ್‌ಸ್ಲೋ ಎಂಬವನು ಅದೇ ಡಿಸೆಂಬರದಲ್ಲಿ ಬರೆದ ಪತ್ರದಿಂದ ತಿಳಿಯುತ್ತದೆ.

ನೋಡಿ, ಈ ಹಬ್ಬದ ಮೊದಲ ಪಂಕ್ತಿಯಲ್ಲಿ ಕುಳಿತವರು ಪರಸ್ಥಳದಿಂದ ಬಂದವರು. ಊರು ಬಿಟ್ಟು ಬಂದವರು ಹೊಸ ನೆಲದಲ್ಲಿ ಮೊದಲ ವರ್ಷ ಬದುಕಿ ಉಳಿದುದಕ್ಕಾಗಿ ಉಂಡ ಊಟ ಅದು. ಹಾಗಾದರೆ ಹುನ್ನೂರಿನಿಂದ ಹೋದವರು ಆ ಪಂಕ್ತಿಯಲ್ಲಿ ಕುಳಿತರೆ ಸೋಜಿಗವೇನು?

ಆದರೆ ಕುಳಿತುಕೊಳ್ಳಲು ಎಡೆ ಸಿಕ್ಕಿದ್ದು ಬಹಳ ತಡವಾಗಿ. ಇಲ್ಲಿ ಇತಿಹಾಸದ ಒಂದು ವಿಚಿತ್ರ ಕಾಕತಾಳೀಯವನ್ನು ನಿಮ್ಮ ಗಮನಕ್ಕೆ ತರಬೇಕು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಕೃತಜ್ಞತೆಯ ದಿನವನ್ನು ಆಚರಿಸಬೇಕೆಂದು ಘೋಷಿಸಿದ್ದು ೧೭೮೯ರ ಅಕ್ಟೋಬರ ೩ರಂದು. ಅದು ಆಗ ವರ್ಷವರ್ಷ ನಡೆಯುವ ಪದ್ಧತಿಯಾಗಲಿಲ್ಲ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಅನೇಕ ವರ್ಷ ಬಿಡದೆ ಬರೆದು ಒತ್ತಾಯಿಸಿದ ಮೇಲೆ, ಅಬ್ರಹಾಂ ಲಿಂಕನ್ ಅಂತರ್ಯುದ್ಧದ ನಡುವೆಯೇ, ನವೆಂಬರದ ಕೊನೆಯ ಗುರುವಾರ ಇಡೀ ದೇಶವೇ ಈ ದಿನವನ್ನು ಆಚರಿಸಲಿ ಎಂದು ಸಾರಿದನು. ಆ ಸಾರೋಲೆಯ ತಾರೀಖು ೧೮೬೩ರ ಅಕ್ಟೋಬರ ೩. ಮುಂದೆ ೧೯೪೧ರ ಶಾಸನ ಅದನ್ನು ನಾಲ್ಕನೆಯ ಗುರುವಾರಕ್ಕೆ ನಿಲ್ಲಿಸಿತು. ಇನ್ನು ಮೂರನೆಯ ಅಕ್ಟೋಬರ ೩ ಯಾವುದು? ಅದು ೧೯೬೫ರದು. ಅಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಕೆಳಗೆ ಕುಳಿತು ಹೊಸ ವಲಸೆ ಕಾಯಿದೆಗೆ ಸಹಿ ಹಾಕಿದನು. ನಮ್ಮವರಿಗೆ ಬಾಗಿಲು ತೆರೆದದ್ದು ಆ ಸಹಿಯಿಂದ.

ಅದಕ್ಕೆ ಮುಂಚಿನ ಸ್ಥಿತಿಯನ್ನು ನೆನೆಯಬೇಕು. ೧೯೧೭ರ ಕಾಯಿದೆ ಭಾರತವೂ ಸೇರಿ ಏಷ್ಯಾದ ಬಹುಭಾಗದಿಂದ ಜನ ಬಂದು ನೆಲೆಸುವುದನ್ನು ತಡೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಕೂಡ, ಬಿಳಿಯನಲ್ಲವಾದ್ದರಿಂದ ಪೌರತ್ವದ ಹಕ್ಕಿಲ್ಲವೆಂದು ೧೯೨೩ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ೧೯೪೬ರಲ್ಲಿ ನಿಯಮ ಸಡಿಲವಾದಾಗ ಇಡೀ ಭಾರತಕ್ಕೆ ವರ್ಷಕ್ಕೆ ೧೦೦ ಜನರ ಪಾಲು ಗೊತ್ತಾಯಿತು. ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ೧೯೫೯ರಲ್ಲಿ ಅಮೆರಿಕಕ್ಕೆ ಹೋದದ್ದು ಹೀಗೆ ಬಾಗಿಲು ಬರಿ ಎಳೆಯಷ್ಟು ತೆರೆದಿದ್ದ ಕಾಲದಲ್ಲಿ. ಅವರು ಶಿಕಾಗೋದಲ್ಲಿದ್ದುಕೊಂಡೇ ಕನ್ನಡದಲ್ಲಿ ಬರೆದರು. ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ ಧಾರವಾಡದಿಂದ ಪ್ರಕಟವಾದದ್ದು ೧೯೬೯ರಲ್ಲಿ. ಕಡಲು ದಾಟಿದವರೆಲ್ಲ ಭಾಷೆಯನ್ನು ದಡದಲ್ಲಿ ಬಿಟ್ಟು ಹೋದರೆಂದು ಹೇಳುವಂತಿಲ್ಲ.

೧೯೬೫ರ ಕಾಯಿದೆ ಹುಟ್ಟಿದ ದೇಶವನ್ನು ನೋಡಿ ಪಾಲು ಹಾಕುವ ಹಳೆಯ ಲೆಕ್ಕವನ್ನು ತೆಗೆದು, ವಿದ್ಯೆಗೂ ಕುಟುಂಬದ ಸಂಬಂಧಕ್ಕೂ ಮನ್ನಣೆ ಕೊಟ್ಟಿತು. ಒಂದೊಂದು ದೇಶಕ್ಕೆ ವರ್ಷಕ್ಕೆ ೨೦,೦೦೦ದವರೆಗೆ ಎಡೆಯಾಯಿತು. ವೈದ್ಯರು, ಇಂಜಿನಿಯರುಗಳು, ವಿಜ್ಞಾನಿಗಳು ಹೋದರು. ಹಿಂದಿನಿಂದ ಅವರ ಕುಟುಂಬಗಳು ಹೋದವು. ೧೯೭೩ರಲ್ಲಿ ಉತ್ತರ ಕ್ಯಾಲಿಫೋರ್ನಿಯದಲ್ಲಿ ಕನ್ನಡ ಕೂಟ ಸ್ಥಾಪನೆಯಾಯಿತು. ೧೯೭೭ರಲ್ಲಿ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣಪತಿಯ ಗುಡಿಯ ಪ್ರತಿಷ್ಠೆಯಾಯಿತು.

ಆ ಮೊದಲ ಪೀಳಿಗೆಯ ಮನೆಗಳಲ್ಲಿ ಈ ಹಬ್ಬ ಹೇಗೆ ಒಳಗೆ ಬಂದಿತು? ಅವರಲ್ಲಿ ವಿದ್ಯಾರ್ಥಿಗಳಾಗಿ ಹೋದವರೂ ಅನೇಕರು. ಅಂದು ವಿಶ್ವವಿದ್ಯಾಲಯ ಮುಚ್ಚಿರುತ್ತದೆ, ವಸತಿಗೃಹ ಬರಿದಾಗಿರುತ್ತದೆ, ಹೊರಗೆ ಚಳಿ. ಆಗ ಸ್ಥಳೀಯ ಕುಟುಂಬವೊಂದು ಪರದೇಶದ ಹುಡುಗನನ್ನು ಊಟಕ್ಕೆ ಕರೆಯುವುದು ಅಲ್ಲಿ ಬಹಳ ಕಡೆ ನಡೆದುಬಂದ ಪದ್ಧತಿ. ಮೇಜಿನ ನಡುವೆ ಇಡಿಯಾಗಿ ಬೇಯಿಸಿದ ಟರ್ಕಿ ಕೋಳಿ. ಮಾಂಸ ಉಣ್ಣದ ನಮ್ಮ ಹುಡುಗನ ಪಾಲಿಗೆ ಅರೆದ ಬಟಾಟಿ, ಗೆಣಸು, ಗೋವಿನಜೋಳದ ರೊಟ್ಟಿ, ಸಿಹಿಗುಂಬಳದ ಸಿಹಿ ತಿಂಡಿ, ಕ್ರ್ಯಾನ್‌ಬೆರಿ ಎಂಬ ಹುಳಿಹಣ್ಣಿನ ಗೊಜ್ಜು. ಮುಂದೆ ಅವನಿಗೆ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದಾಗ ಹಬ್ಬ ಶಾಲೆಯಿಂದ ಮನೆಗೆ ಬರುತ್ತದೆ. ‘ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ?’ ಎಂದು ಮಗು ಕೇಳಿದರೆ ತಾಯಿ ಏನಾದರೊಂದು ಉತ್ತರ ಹೇಳಬೇಕಲ್ಲವೆ? ದೀಪಾವಳಿಗೆ ಅಲ್ಲಿ ಸಾಮಾನ್ಯವಾಗಿ ರಜೆಯಿಲ್ಲ. ಯುಗಾದಿ, ರಾಜ್ಯೋತ್ಸವಗಳು ಶನಿವಾರ ಭಾನುವಾರಗಳಿಗೆ ಸರಿದುಕೊಳ್ಳುತ್ತವೆ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ಬಿಡುವು ಸಿಗುವ ಈ ಹೊತ್ತಿನಲ್ಲಿ ನೂರಾರು ಮೈಲಿ ಕಾರು ನಡೆಸಿಕೊಂಡು ಗೆಳೆಯರ ಮನೆಗೆ ಹೋಗಿ ಕೂಡುವುದು ರೂಢಿಯಾಯಿತು. ಹುಳಿಹಣ್ಣಿಗೆ ಸಾಸಿವೆ ಇಂಗಿನ ಒಗ್ಗರಣೆ ಬಿದ್ದು ಅದು ಉಪ್ಪಿನಕಾಯಿಯಾಯಿತು. ಸಿಹಿಗುಂಬಳ ಪಲ್ಲೆಯಾಯಿತು. ಕೋಳಿಯ ಜಾಗದಲ್ಲಿ ಕೆಲವು ಮನೆಗಳಲ್ಲಿ ಹೋಳಿಗೆ ಬಂದು ಕುಳಿತಿತು.

ಈಗ ಆ ಮೇಜನ್ನೂ ಎಳ್ಳ ಅಮವಾಸ್ಯೆಯ ನಮ್ಮ ಬುತ್ತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಹುನ್ನೂರಿನ ತಾಯಿ ಹೆಮ್ಮೆಯಿಂದ ಕಟ್ಟಿದ ಬುತ್ತಿಯಲ್ಲಿ ಶೇಂಗಾದ ಹೋಳಿಗೆಯಿದೆ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಕೆಂಪು ಖಾರದ ಮೆಣಸಿನಕಾಯಿಯೂ ಅಮೆರಿಕದ್ದೇ. ಬಟಾಟಿ, ಟೊಮ್ಯಾಟೊ, ಗೋವಿನಜೋಳ, ಸಿಹಿಗುಂಬಳ, ಗೆಣಸು, ಸೀತಾಫಲ, ಪೇರಲ ಇವೆಲ್ಲವೂ ಕೊಲಂಬಸನು ೧೪೯೨ರಲ್ಲಿ ಅಲ್ಲಿ ಕಾಲಿಟ್ಟ ಮೇಲೆಯೇ ಹಡಗು ಹತ್ತಿ ಹೊರಟವು. ೧೫೧೦ರಲ್ಲಿ ಪೋರ್ತುಗೀಜರು ವಿಜಯಪುರದ ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡರಷ್ಟೆ. ಇಂಥ ಹೊಸ ಬೆಳೆಗಳು ನಮ್ಮ ಸೀಮೆಯತ್ತ ಬರಲು ಗೋವೆಯೇ ಒಂದು ದೊಡ್ಡ ಬಾಗಿಲಾಯಿತು. ನಾವು ‘ಬಟಾಟಿ’ ಎನ್ನುವ ಹೆಸರು ಕೂಡ ಕೊಲಂಬಸನು ಕಂಡ ದ್ವೀಪಗಳ ಜನರ ಬಾಯಿಂದ ಪೋರ್ತುಗೀಜರಿಗೆ, ಅವರಿಂದ ನಮಗೆ ಬಂದದ್ದು. ಮೆಣಸಿನಕಾಯಿಗಾದರೋ ನಮ್ಮವರು ಮನೆಯ ಹೆಸರನ್ನೇ ಕೊಟ್ಟರು. ನಮ್ಮ ಮೆಣಸಿನಂತೆ ಖಾರವಿದ್ದ ಆ ಹೊಸ ಕಾಯಿಯನ್ನು ‘ಮೆಣಸಿನ ಕಾಯಿ’ ಎಂದು ಕರೆದರು. ಪರರ ಮನೆಯ ಹೆಣ್ಣು ಮನೆಗೆ ಸೊಸೆಯಾಗಿ ಬಂದು ಮನೆತನದ ಹೆಸರು ಪಡೆದಂತೆ ಆಯಿತು.

ಇನ್ನೂ ಹಿಂದೆ ಹೋದರೆ ಜೋಳ, ಸಜ್ಜೆಗಳೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದವು. ಎಳ್ಳು, ಬದನೆ, ತೊಗರಿ ನಮ್ಮ ನೆಲದವು. ಕೊಡುಕೊಳು ಒಂದೇ ಮುಖವಾಗಿಯೂ ನಡೆಯಲಿಲ್ಲ. ಇಂದು ಜಮಖಂಡಿ, ಮುಧೋಳಗಳ ನೀರಾವರಿ ಹೊಲಗಳನ್ನೆಲ್ಲ ತುಂಬಿರುವ ಕಬ್ಬನ್ನು ಅಮೆರಿಕದ ಕಡೆಗೆ ಕೊಂಡೊಯ್ದವನು ಕೊಲಂಬಸನೇ. ೧೪೯೩ರಲ್ಲಿ, ಅವನ ಎರಡನೆಯ ಯಾತ್ರೆಯಲ್ಲಿ. ಆ ಟರ್ಕಿ ಕೋಳಿಯ ಮಾತೂ ಹೀಗೆಯೇ. ೧೬೧೨ರಲ್ಲಿ ಮುಕರ್ರಬ್ ಖಾನನೆಂಬ ಸರದಾರ ಗೋವೆಯಿಂದ ಅಂಥ ಒಂದು ಕೋಳಿಯನ್ನು ಜಹಾಂಗೀರ ಬಾದಶಹನಿಗೆ ತಂದೊಪ್ಪಿಸಿದನು. ಬಾದಶಹನು ಬೆರಗಾಗಿ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಯಿಸಿದನು. ಪ್ಲಿಮತ್ತಿನ ಊಟಕ್ಕೆ ಒಂಬತ್ತು ವರ್ಷ ಮೊದಲೇ ಆ ಹಕ್ಕಿ ಭಾರತವನ್ನು ನೋಡಿತ್ತು! ಆಂಗ್ಲರು ಅದಕ್ಕೆ ತುರ್ಕಿ ದೇಶದ ಹೆಸರಿಟ್ಟರೆ, ತುರ್ಕರು ‘ಹಿಂದಿ’ ಎನ್ನುತ್ತಾರೆ; ಫ್ರೆಂಚರ ಭಾಷೆಯಲ್ಲಿಯೂ ಅದರ ಹೆಸರಿಗೆ ಭಾರತದ್ದೆಂದೇ ಅರ್ಥ. ಅಮೆರಿಕದ ಮೂಲನಿವಾಸಿಗಳನ್ನೂ ನಮ್ಮನ್ನೂ ಒಂದೇ ‘ಇಂಡಿಯನ್’ ಎಂಬ ಹೆಸರಿನಿಂದ ಕರೆದ ಕೊಲಂಬಸನ ತಪ್ಪು ಕೋಳಿಗೂ ತಗುಲಿಕೊಂಡಿತು.

ಆದ್ದರಿಂದ ತಾಯಿ ಯಾವುದನ್ನು ‘ಮಂದಿ ಹಬ್ಬ’ ಎಂದಳೋ ಅದರ ಅಡಿಗೆ ನಾಲ್ಕು ನೂರು ವರ್ಷಗಳಿಂದ ಒಂದೊಂದಾಗಿ ಅವಳ ಬುತ್ತಿಯನ್ನು ಸೇರುತ್ತಲೇ ಬಂದಿದೆ. ಮಗ ಹೋಗುವುದಕ್ಕೆ ಎಷ್ಟೋ ಮುಂಚೆ ಆ ನಾಡು ಇವಳ ಹೊಲಕ್ಕೆ ಬಂದಾಗಿತ್ತು. ಇಷ್ಟಕ್ಕೇ ನಿಂತರೆ ಮಾತು ಸುಖವಾಗಿ ಮುಗಿಯುತ್ತದೆ. ಆದರೆ ಇತಿಹಾಸ ಅಷ್ಟಕ್ಕೆ ನಿಲ್ಲಲು ಬಿಡುವುದಿಲ್ಲ.

೧೬೨೧ರಲ್ಲಿ ಕೂಡಿ ಉಂಡವರ ಮಕ್ಕಳು ಕೂಡಿ ಬಾಳಲಿಲ್ಲ. ಬಂದವರ ಸಂಖ್ಯೆ ಬೆಳೆಯಿತು, ನೆಲದ ಆಸೆ ಬೆಳೆಯಿತು. ೧೬೭೫ರಲ್ಲಿ ಯುದ್ಧ ಹತ್ತಿಕೊಂಡಿತು. ಅತಿಥಿಯಾಗಿ ಬಂದು ಉಂಡಿದ್ದ ಮಾಸಸಾಯಿಟನ ಮಗ ಮೆಟಕಾಮ್ ಮರುವರ್ಷ ಕೊಲೆಯಾದನು; ಅವನ ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಕಂಬಕ್ಕೇರಿಸಿದರು. ಬೀಜ ಬಿತ್ತುವುದನ್ನು ಕಲಿಸಿದವರ ಋಣ ಹೀಗೆ ತೀರಿತು. ಆ ಜನರ ವಂಶದವರು ೧೯೭೦ರಿಂದ ಈಚೆಗೆ ಪ್ರತಿ ವರ್ಷ ಇದೇ ಗುರುವಾರ ಪ್ಲಿಮತ್ತಿನಲ್ಲಿ ಕೂಡುತ್ತಾರೆ. ದೇಶವೆಲ್ಲ ಉಣ್ಣುವಾಗ ಅವರು ಅದನ್ನು ಶೋಕದ ದಿನವೆಂದು ಆಚರಿಸುತ್ತಾರೆ.

ಈಗ ನಮ್ಮ ಚರಗದ ಅರ್ಥ ತೆರೆದುಕೊಳ್ಳುತ್ತದೆಂದು ನನಗೆ ತೋರುತ್ತದೆ. ಆ ನಾಡಿನವರ ಊಟ ಸುಗ್ಗಿಯಾದ ಮೇಲೆ, ಕಾಳು ಕಣಜ ಸೇರಿದ ಮೇಲೆ. ನಮ್ಮ ಚರಗವಾದರೋ ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ನಿಂತಿರುವಾಗ. ಬೆಳೆ ಹೊತ್ತ ಭೂಮಿ ತಾಯಿಯನ್ನು ಬಸುರಿ ಹೆಣ್ಣುಮಗಳಂತೆ ಕಂಡು, ಅವಳ ಬಯಕೆ ತೀರಿಸಬೇಕೆಂದು ಉಣಿಸುತ್ತೇವೆ. ಬೆಳೆ ಬಂದೀತೋ ಇಲ್ಲವೋ ತಿಳಿಯದು. ಮಳೆ ಕೈಕೊಟ್ಟ ವರ್ಷವೂ ಚರಗ ತಪ್ಪುವುದಿಲ್ಲ. ಸಿಕ್ಕಿದ್ದಕ್ಕೆ ಸಲ್ಲಿಸುವ ವಂದನೆ ಒಂದು. ಸಿಗುವ ಮುನ್ನವೇ ಋಣವನ್ನು ಒಪ್ಪಿಕೊಳ್ಳುವುದು ಇನ್ನೊಂದು. ಎರಡರಲ್ಲಿ ಯಾವುದು ಮೇಲೆಂದು ನಾನು ವಾದಿಸುವುದಿಲ್ಲ. ಆದರೆ ಮೇಜಿನ ಮೇಲಿನ ಊಟದಲ್ಲಿ ಮೊದಲ ತುತ್ತು ಯಾರದು ಎಂಬ ಪ್ರಶ್ನೆಯನ್ನು ಚರಗ ಮರೆಯಗೊಡುವುದಿಲ್ಲ. ಅಮೆರಿಕದ ಹಬ್ಬಕ್ಕೆ ಹುನ್ನೂರಿನಿಂದ ಹೋದವರು ಏನಾದರೂ ಸೇರಿಸಬಲ್ಲರಾದರೆ ಅದು ಹೋಳಿಗೆಯಷ್ಟೇ ಅಲ್ಲ, ಈ ಪ್ರಶ್ನೆ.

ಹೊಸ ನಾಡಿನಲ್ಲಿ ಹೊಲವಿಲ್ಲ, ಬನ್ನಿಯ ಗಿಡವಿಲ್ಲ ಎನ್ನಬಹುದು. ಹಿತ್ತಲು ಇರುತ್ತದೆ, ಹಿತ್ತಲಿನ ಆ ಮಣ್ಣು ಮೊದಲು ಯಾರದಾಗಿತ್ತೆಂದು ಮಕ್ಕಳಿಗೆ ಹೇಳಲು ಬರುತ್ತದೆ. ಟಿಸ್ಕ್ವಾಂಟಮನ ಕಥೆಯನ್ನು ಕನ್ನಡದಲ್ಲಿಯೂ ಹೇಳಬಹುದು. ಚಳಿಯಲ್ಲಿ ಒಂಟಿಯಾಗಿ ಉಳಿದ, ಯಾವುದೋ ಬೇರೆ ದೇಶದಿಂದ ಬಂದ ವಿದ್ಯಾರ್ಥಿಯೊಬ್ಬನನ್ನು, ಹಿಂದೆ ತಮ್ಮನ್ನು ಯಾರೋ ಕರೆದಂತೆ, ಊಟಕ್ಕೆ ಕರೆಯಬಹುದು. ಇವೂ ಚರಗವೇ.

ಓದುಗರೆ, ನಿಮ್ಮ ಮನೆಯ ಮಗನೋ ಮಗಳೋ ದೂರದೇಶದಲ್ಲಿದ್ದರೆ ಈ ಸಲ ನವೆಂಬರದ ನಾಲ್ಕನೆಯ ಗುರುವಾರ ಅವರ ಫೋನು ಬಂದೀತು. ಆಗ ‘ಯಾರ ಹಬ್ಬ ಮಾಡಾಕತ್ತೀರಿ?’ ಎಂದು ಕೇಳಬೇಡಿ. ‘ಉಣ್ಣೋ ಮುಂಚೆ ಚರಗಾ ಚೆಲ್ಲೀರಿಲ್ಲೋ?’ ಎಂದು ಕೇಳಿ. ಮೊಮ್ಮಗಳು ಪಕ್ಕದಿಂದ ‘ಆಯೀ, ಚರಗಾ ಅಂದ್ರ ಏನ?’ ಎಂದು ಇಣುಕಿದರೆ, ಅವಸರ ಮಾಡದೆ ಕುಳಿತು ಹೇಳಿ. ಕೆಲವೇ ವಾರಗಳಲ್ಲಿ ಎಳ್ಳ ಅಮವಾಸ್ಯೆ ಬರುತ್ತದೆ. ಆ ದಿನ ಫೋನನ್ನು ಹೊಲಕ್ಕೆ ಒಯ್ದು, ನಿಂತ ಜೋಳವನ್ನೂ ಐದು ಕಲ್ಲುಗಳನ್ನೂ ಅವಳಿಗೆ ತೋರಿಸಿರಿ.